ಫ್ಲ್ಯಾಶ್ ಇಲ್ಲದೆ ಕತ್ತಲಲ್ಲಿ ಫೋಟೋ: ಯಾವ ಪುಟ್ಟ ಕ್ಯಾಮೆರಾ ಆದೀತು?

ಚಿತ್ರದುರ್ಗದಲ್ಲಿರುವ ನಮ್ಮಕ್ಕನ ಮಗ ಈಚೆಗೆ ಫೋನ್ ಮಾಡಿದ್ದ. "ಮಾವ, ಸಣ್ಣದೊಂದು ಕ್ಯಾಮೆರಾ ತಗೋಬೇಕು. ಎಷ್ಟು ಮೆಗಾಪಿಕ್ಸೆಲ್ ಇದ್ರೆ ಸಾಕು?" ಅಂದ.

"ಏನು ತೆಗೀತೀಯೋ ಅದರಲ್ಲಿ?"

"ನಾಟಕ. ಆಮೇಲೆ ಚಂದ್ರವಳ್ಳಿ ಗುಹೆ. ಎರಡು ಕಡೇನೂ ಫ್ಲ್ಯಾಶ್ ಹಾಕಂಗಿಲ್ಲ."

ಮೆಗಾಪಿಕ್ಸೆಲ್ ಮಾತು ಅಲ್ಲಿಗೇ ಮುಗಿಯಿತು. ಆದರೆ ಹುಡುಗ ತನಗೇ ಗೊತ್ತಿಲ್ಲದೆ ಒಳ್ಳೆಯ ವಿಷಯ ಎತ್ತಿದ್ದ. ನಾಟಕವೂ ಕತ್ತಲು, ಗುಹೆಯೂ ಕತ್ತಲು. ನಾಟಕದಲ್ಲಿ ಜನ ಕುಣಿಯುತ್ತಾರೆ, ಓಡಾಡುತ್ತಾರೆ. ಗುಹೆಯ ಗೋಡೆ ಅಲ್ಲಾಡುವುದಿಲ್ಲ. ಒಂದಕ್ಕೆ ಹೇಳಿ ಮಾಡಿಸಿದಂಥ ಕ್ಯಾಮೆರಾ ಇನ್ನೊಂದಕ್ಕೆ ಅಷ್ಟಕ್ಕಷ್ಟೆ. ಅಂಗಡಿಯವರು ಮಾತ್ರ ಎರಡಕ್ಕೂ ಒಂದೇ ಡಬ್ಬಿ ತೋರಿಸಿ "ಲೋ ಲೈಟ್‌ನಲ್ಲಿ ಸೂಪರ್ ಸಾರ್" ಅನ್ನುತ್ತಾರೆ. ಅವನಿಗೆ ಫೋನಿನಲ್ಲಿ ಗಂಟೆಗಟ್ಟಲೆ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಫ್ಲ್ಯಾಶ್ ಯಾಕೆ ಬೇಡ ಅನ್ನುವುದನ್ನು ನಾನು ಮರ್ಯಾದೆ ಕಳಕೊಂಡು ಕಲಿತೆ. ನಮ್ಮ ದಾವಣಗೆರೆ ವೃತ್ತಿ ರಂಗಭೂಮಿಯ ಊರು. ಕಂಪನಿ ನಾಟಕದವರು ಬಂದು ಬೀಡುಬಿಟ್ಟರೆ ಬೇಗ ಹೊರಡುವವರಲ್ಲ. ಹಾಗೆ ಬಂದ ಒಂದು ಕಂಪನಿಯ ಆಟಕ್ಕೆ ಹೋಗಿ ನಾಲ್ಕನೇ ಸಾಲಿನಲ್ಲಿ ಕೂತಿದ್ದೆ. ಸ್ಟೇಜ್ ಪೂರ್ತಿ ಕೆಂಪು ಲೈಟು. ತಾಯಿ ಪಾತ್ರದವರು ಮಗನ ಹೆಣದ ಮುಂದೆ ಕೂತು ಅಳುತ್ತಿದ್ದಾರೆ. ಆಟೋದಲ್ಲಿದ್ದ ನನ್ನ ಕ್ಯಾಮೆರಾ ಫಳ್ ಅಂತ ಹೊಳೆಯಿತು. ಅಳುತ್ತಿದ್ದವರು ಕಣ್ಣು ಪಿಳುಕಿಸಿದರು. ಸತ್ತು ಬಿದ್ದವನೂ ಕಣ್ಣು ಬಿಟ್ಟ. ಹಾರ್ಮೋನಿಯಂ ಮೇಷ್ಟ್ರು ತಲೆಯೆತ್ತಿ ಸೀದಾ ನನ್ನ ಕಡೆಗೇ ನೋಡಿದರು. ಹಿಂದೆ ಕೂತ ಹಿರಿಯರೊಬ್ಬರು ಭುಜ ತಟ್ಟಿ "ತಮ್ಮಾ, ಅದನ್ನ ಒಳಗಿಡು" ಅಂದರು. ಮನೆಗೆ ಬಂದು ನೋಡಿದರೆ ಫೋಟೋದಲ್ಲಿ ಮುಂದಿನ ಸಾಲಿನವರ ಬೋಳುತಲೆ ಬೆಳ್ಳಗೆ ಹೊಳೆಯುತ್ತಿದೆ, ಸ್ಟೇಜ್ ಕಪ್ಪಗಿದೆ. ಪುಟ್ಟ ಕ್ಯಾಮೆರಾದ ಫ್ಲ್ಯಾಶ್ ಕೆಲವೇ ಮೀಟರ್ ಮುಟ್ಟಿದರೆ ಹೆಚ್ಚು. ಮುಟ್ಟಿದರೂ ಆ ಕೆಂಪು ಬೆಳಕನ್ನು ತೊಳೆದು ಹಾಕುತ್ತದೆ. ಬೇಕಾಗಿದ್ದದ್ದು ಆ ಕೆಂಪೇ ಅಲ್ವಾ?

ಇದಾದ ಮೇಲೆ ನಾನು ಮಾಡಿದ ಎರಡನೇ ತಪ್ಪು 30 ಪಟ್ಟು ಜೂಮ್ ಇರುವ ಕ್ಯಾಮೆರಾ ಕೊಂಡದ್ದು. ಹಿಂದಿನ ಸಾಲಿನಲ್ಲಿ ಕೂತೇ ರಾಜನ ಮೀಸೆ ತೆಗೆಯಬಹುದು ಅಂದುಕೊಂಡಿದ್ದೆ. ಮೀಸೆ ಬಂತು. ಎರಡು ಮೂರು ಮೀಸೆ ಒಂದರ ಮೇಲೊಂದು ಬಂದವು.

ಹಾಗೇಕೆ ಆಯಿತು ಅನ್ನುವುದು ಒಂದು ಸುಲಭದ ಲೆಕ್ಕದಲ್ಲಿದೆ. ಹೈಸ್ಕೂಲ್ ಗಣಿತ ಸಾಕು.

ಬೆಳಕಿನ ಲೆಕ್ಕ

ಮಳೆನೀರು ಹಿಡಿಯಲು ಅಂಗಳದಲ್ಲಿ ಪಾತ್ರೆ ಇಡುತ್ತೇವೆ. ಪಾತ್ರೆಯ ಬಾಯಿ ದೊಡ್ಡದಿದ್ದಷ್ಟೂ ನೀರು ಜಾಸ್ತಿ. ಕ್ಯಾಮೆರಾದಲ್ಲಿ ಆ ಪಾತ್ರೆಯೇ ಸೆನ್ಸರ್. ಮಳೆಯ ಜೋರು ಲೆನ್ಸಿನ ಕೈಯಲ್ಲಿದೆ. ಅದನ್ನು ಎಫ್ ನಂಬರಿನಲ್ಲಿ ಹೇಳುತ್ತಾರೆ. ನಂಬರ್ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್ 2.8ಕ್ಕಿಂತ ಎಫ್ 2 ಸರಿಯಾಗಿ ಎರಡು ಪಟ್ಟು ಬೆಳಕು ಬಿಡುತ್ತದೆ.

ಈಗ ಸೆನ್ಸರಿನ ಉದ್ದ ಅಗಲವನ್ನು ಮಿಲಿಮೀಟರಿನಲ್ಲಿ ಗುಣಿಸಿ. ಬಂದದ್ದನ್ನು ಎಫ್ ನಂಬರಿನ ವರ್ಗದಿಂದ ಭಾಗಿಸಿ. ಒಂದೇ ದೃಶ್ಯ, ಒಂದೇ ಶಟರ್ ಸ್ಪೀಡ್ (ಬೆಳಕು ಒಳಗೆ ಬರುವ ಹೊತ್ತು) ಇಟ್ಟುಕೊಂಡರೆ ಯಾವ ಕ್ಯಾಮೆರಾ ಎಷ್ಟು ಬೆಳಕು ಕೂಡಿಹಾಕುತ್ತದೆ ಅನ್ನುವುದು ಆ ಅಂಕದಲ್ಲಿ ಗೊತ್ತಾಗುತ್ತದೆ. ಅಂಕ ಎರಡು ಪಟ್ಟಾದರೆ ಫೋಟೋದ ಮೇಲಿನ ಕಾಳುಕಾಳು ಕಮ್ಮಿಯಾದದ್ದು ಕಣ್ಣಿಗೆ ಕಾಣುತ್ತದೆ. ಸೆನ್ಸರ್ ಹೊಸದೋ ಹಳೆಯದೋ ಅನ್ನುವುದರಿಂದ ಸ್ವಲ್ಪ ಆಚೀಚೆ ಆಗುತ್ತದೆ. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಜೂಮ್ ಕ್ಯಾಮೆರಾದ ಸೆನ್ಸರ್ ಸುಮಾರು 6.2 ಗುಣಿಸು 4.6 ಮಿ.ಮೀ. ಅಂದರೆ 28 ಚದರ ಮಿ.ಮೀ. ಹುರಿಗಡಲೆಯ ಒಂದು ಕಾಳಿನಷ್ಟು. ಜೂಮ್ ಮಾಡದೆ ಇದ್ದಾಗ ಲೆನ್ಸ್ ಎಫ್ 3.5. ಅಂಕ 2.3. ಪೂರ್ತಿ ಜೂಮ್ ಮಾಡಿದರೆ ಎಫ್ 6.4ಕ್ಕೆ ಇಳಿಯುತ್ತದೆ. ಅಂಕ ಒಂದೂ ಇಲ್ಲ, 0.7. ಬೆಳಕು ಸಾಲದೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಇನ್ನು ಮೀಸೆ ಮೂರಾಗದೆ ಏನಾದೀತು?

ಒಂದಿಂಚಿನ ಸೆನ್ಸರಿಗೆ ಬನ್ನಿ. ಹೆಸರು ಒಂದಿಂಚು ಅಂತ, ಆದರೆ ಸ್ಕೇಲ್ ಇಟ್ಟು ಅಳೆದರೆ 13.2 ಗುಣಿಸು 8.8 ಮಿ.ಮೀ. ಅಷ್ಟೆ. ಹಳೆಯ ವಿಡಿಯೋ ಕ್ಯಾಮೆರಾಗಳಲ್ಲಿ ಗಾಜಿನ ಟ್ಯೂಬ್ ಇರುತ್ತಿತ್ತು. ಆ ಟ್ಯೂಬಿನ ಹೊರ ಅಳತೆಯಲ್ಲಿ ಹೆಸರಿಡುವ ಪದ್ಧತಿ ಟ್ಯೂಬ್ ಹೋದ ಮೇಲೂ ಉಳಿದುಕೊಂಡಿದೆ. ಆದರೂ 116 ಚದರ ಮಿ.ಮೀ. ಇದೆ. ಎಫ್ 1.8 ಲೆನ್ಸ್ ಜೊತೆ ಅಂಕ 36. ನನ್ನ ಜೂಮ್ ಕ್ಯಾಮೆರಾಕ್ಕಿಂತ ಹದಿನೈದು ಪಟ್ಟು.

ಇದಕ್ಕಿಂತ ದೊಡ್ಡದು ಎಪಿಎಸ್‌ಸಿ ಸೆನ್ಸರ್. 23.5 ಗುಣಿಸು 15.6, ಅಂದರೆ 366 ಚದರ ಮಿ.ಮೀ. ಲೆನ್ಸ್ ಬದಲಿಸುವ ಎಷ್ಟೋ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇರುವುದೇ ಇದು. ಅಂಗಿ ಜೇಬಿಗೆ ಹೋಗುವ ಕ್ಯಾಮೆರಾದಲ್ಲೂ ಇದನ್ನು ತುರುಕಿದ್ದಾರೆ.

ಕಣದಲ್ಲಿರುವ ಐದು

ಸೋನಿ ಆರ್‌ಎಕ್ಸ್100 ಮಾರ್ಕ್ 3. 2014ರದ್ದು. ಒಂದಿಂಚಿನ ಸೆನ್ಸರ್, 24ರಿಂದ 70 ಮಿ.ಮೀ. ಜೂಮ್ (ಈ ಮಿ.ಮೀ. ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಕಮ್ಮಿಯಾದಷ್ಟೂ ನೋಟ ಅಗಲ), ಎಫ್ 1.8ರಿಂದ 2.8. ತೂಕ 290 ಗ್ರಾಂ. ಹಳೆಯದಾಯಿತು ಅನ್ನಬೇಡಿ. ಇದರ ಮೇಲೆ ನನಗೆ ಇವತ್ತಿಗೂ ಪ್ರೀತಿ. ಮೂಲೆಯಿಂದ ಪುಟಾಣಿ ವ್ಯೂಫೈಂಡರ್ ಟಪ್ ಅಂತ ಮೇಲೇಳುತ್ತದೆ. ಕಣ್ಣಿಗೆ ಹಿಡಿದು ನೋಡಿದರೆ ಹಿಂದಿನ ಪರದೆ ಆರುತ್ತದೆ. ನಾಟಕದ ಕತ್ತಲಲ್ಲಿ ಪಕ್ಕದವರ ಮುಖಕ್ಕೆ ಬೆಳಕು ಹೊಡೆಯುವುದಿಲ್ಲ. ಇದೇ ಸಾಲಿನ ಮಾರ್ಕ್ 6, ಮಾರ್ಕ್ 7 ಹೊಸವು, ದುಬಾರಿ. ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ. 24ರಿಂದ 200ರ ಉದ್ದ ಜೂಮ್ ಕೊಡಲು ಹೋಗಿ ಲೆನ್ಸನ್ನು ಎಫ್ 2.8ರಿಂದ 4.5 ಮಾಡಿದ್ದಾರೆ. ಜೂಮ್ ಇಲ್ಲದಾಗ ಅಂಕ 36 ಹೋಗಿ 15. ಪೂರ್ತಿ ಜೂಮಿನಲ್ಲಿ 6. ಹಗಲಲ್ಲಿ ಪ್ರವಾಸಕ್ಕೆ ಅದು ಸೊಗಸು. ನಮ್ಮ ಕೆಲಸಕ್ಕೆ ಹಳೆಯ 3, ಇಲ್ಲವೇ 4, 5 ಮೇಲು. 5ರಲ್ಲಿ ಫೋಕಸ್ ಬಹಳ ಚುರುಕು.

ಕ್ಯಾನನ್ ಜಿ7ಎಕ್ಸ್ ಮಾರ್ಕ್ 2. 2016ರದ್ದು, 319 ಗ್ರಾಂ. ಅದೇ ಅಳತೆಯ ಸೆನ್ಸರ್, ಅದೇ ಎಫ್ 1.8ರಿಂದ 2.8. ಆದರೆ ಜೂಮ್ 100 ಮಿ.ಮೀ. ತನಕ ಹೋಗುತ್ತದೆ. 70ಕ್ಕೂ 100ಕ್ಕೂ ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 100ರಲ್ಲಿ ಕ್ಯಾನನ್ನಿನ ಅಂಕ 15. ಸೋನಿ 70ಕ್ಕೇ ನಿಲ್ಲುತ್ತದೆ. ಅಷ್ಟೇ ಹತ್ತಿರ ಕಾಣಬೇಕೆಂದರೆ ಫೋಟೋವನ್ನು ಕತ್ತರಿಸಬೇಕು. ಕತ್ತರಿಸಿದಾಗ ಅಂಕವೂ ಕತ್ತರಿಸಿಹೋಗಿ 7 ಉಳಿಯುತ್ತದೆ. ಅಂದರೆ ಹಿಂದಿನ ಸಾಲಿನಲ್ಲಿ ಕೂತವನಿಗೆ ಕ್ಯಾನನ್ ಎರಡರಷ್ಟು ಬೆಳಕು ಕೊಡುತ್ತದೆ. ಕೊರತೆ ಒಂದೇ, ವ್ಯೂಫೈಂಡರ್ ಇಲ್ಲ. ಹಿಂದಿನ ಪರದೆಯನ್ನೇ ನೋಡಬೇಕು. ಅದರ ಬೆಳಕನ್ನು ಪೂರ್ತಿ ಇಳಿಸಿ ಎದೆಯ ಹತ್ತಿರ ಹಿಡಿದುಕೊಂಡರೆ ಯಾರೂ ಬೈಯುವುದಿಲ್ಲ.

ಪ್ಯಾನಸಾನಿಕ್ ಎಲ್‌ಎಕ್ಸ್100 ಮಾರ್ಕ್ 2. 2018ರದ್ದು. ಸೆನ್ಸರ್ ಒಂದಿಂಚಿಗಿಂತ ದೊಡ್ಡದು, ಫೋರ್ ಥರ್ಡ್ಸ್ ಅನ್ನುವ ಅಳತೆಯದು. ಅದನ್ನೂ ಪೂರ್ತಿ ಬಳಸುವುದಿಲ್ಲ, ಅಂಚು ಸ್ವಲ್ಪ ಬಿಟ್ಟೇ ಬಳಸುತ್ತದೆ. ಆದರೂ ಎಫ್ 1.7 ಲೆನ್ಸ್ ಇರುವುದರಿಂದ ಅಂಕ 60ರ ಸುಮಾರು. 75 ಮಿ.ಮೀ. ಜೂಮಿನಲ್ಲೂ 22, 23 ಇದೆ. ಜೂಮ್ ಇರುವ ಪುಟ್ಟ ಕ್ಯಾಮೆರಾಗಳಲ್ಲಿ ಬೆಳಕಿನ ವಿಷಯಕ್ಕೆ ಇದನ್ನು ಮೀರಿಸುವುದು ಕಷ್ಟ. ತೂಕ 392 ಗ್ರಾಂ. ಪ್ಯಾಂಟ್ ಜೇಬಿಗೆ ಹಿಡಿಯುವುದಿಲ್ಲ, ಜಾಕೆಟ್ ಬೇಕು. ದಾವಣಗೆರೆ ಬಿಸಿಲಲ್ಲಿ ಜಾಕೆಟ್ ಯಾರು ಹಾಕುತ್ತಾರೆ? ಹೆಗಲಿಗೆ ಹಾಕಿಕೊಂಡೇ ತಿರುಗಬೇಕು.

ರಿಕೋ ಜಿಆರ್ 3. 2019ರದ್ದು. ಎಪಿಎಸ್‌ಸಿ ಸೆನ್ಸರ್, ಜೂಮ್ ಇಲ್ಲ. 28 ಮಿ.ಮೀ. ನೋಟದ ಒಂದೇ ಲೆನ್ಸ್, ಎಫ್ 2.8. ತೂಕ ಬ್ಯಾಟರಿ ಸೇರಿ 257 ಗ್ರಾಂ. ಐದರಲ್ಲಿ ಸೆನ್ಸರ್ ದೊಡ್ಡದಿರುವ ಎರಡರಲ್ಲಿ ಇದೂ ಒಂದು, ತೂಕ ಮಾತ್ರ ಎಲ್ಲಕ್ಕಿಂತ ಕಮ್ಮಿ. ಅಂಕ 47. ಫ್ಲ್ಯಾಶನ್ನೇ ಇಟ್ಟಿಲ್ಲ, ನನ್ನಂಥವರ ಮರ್ಯಾದೆ ಉಳಿಯಿತು. 2021ರಲ್ಲಿ ಇದರದ್ದೇ 3ಎಕ್ಸ್ ಬಂತು. ಅದರ ನೋಟ 40 ಮಿ.ಮೀ.

ಫ್ಯೂಜಿಫಿಲ್ಮ್ ಎಕ್ಸ್100ವಿಐ. 2024ರದ್ದು. ಎಪಿಎಸ್‌ಸಿ, 40 ಮೆಗಾಪಿಕ್ಸೆಲ್, 35 ಮಿ.ಮೀ. ನೋಟ, ಎಫ್ 2. ಅಂಕ 92. ಈ ಐವರಲ್ಲಿ ಇದೇ ಪೈಲ್ವಾನ. ಅರ್ಧಕ್ಕೆ ಕತ್ತರಿಸಿ 70 ಮಿ.ಮೀ. ನೋಟ ಮಾಡಿದರೂ 23 ಉಳಿಯುತ್ತದೆ, 10 ಮೆಗಾಪಿಕ್ಸೆಲ್ ಉಳಿಯುತ್ತದೆ. ಆದರೆ 521 ಗ್ರಾಂ, ಬೆಲೆ ಲಕ್ಷ ದಾಟುತ್ತದೆ. ಇಷ್ಟು ದುಡ್ಡಿದ್ದವರು ನನ್ನ ಲೇಖನ ಓದುವ ಅಗತ್ಯ ಇಲ್ಲ ಬಿಡಿ. ಇದರ ಹಿಂದಿನದು ಎಕ್ಸ್100ವಿ, 2020ರದ್ದು. ಅಂಕ ಅದೇ 92, ಕೈ ನಡುಕ ತಡೆಯುವ ವ್ಯವಸ್ಥೆ ಮಾತ್ರ ಇಲ್ಲ.

ಆ ವ್ಯವಸ್ಥೆಯ ವಿಷಯದಲ್ಲೇ ಜನ ಜಾಸ್ತಿ ಮೋಸ ಹೋಗುವುದು.

ನಡುಗುವುದು ನಿಮ್ಮ ಕೈಯೋ, ಎದುರಿನವರೋ?

ಸ್ಟೆಬಿಲೈಸೇಷನ್ ನಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ. ಲೆನ್ಸಿನೊಳಗಿನ ಗಾಜನ್ನೋ ಸೆನ್ಸರನ್ನೋ ಕೈಗೆ ಎದುರಾಗಿ ಸರಿಸುತ್ತದೆ. ಎದುರಿಗಿರುವ ಮನುಷ್ಯ ಕೈ ಬೀಸಿದರೆ ಅದಕ್ಕೇನು ಗೊತ್ತು?

ಚಂದ್ರವಳ್ಳಿಯ ಅಂಕಲಿ ಮಠದ ಗುಹೆಗೆ ಇಳಿದವರಿಗೆ ಗೊತ್ತು. ನಾಲ್ಕು ಮೆಟ್ಟಿಲು ಇಳಿಯುತ್ತಲೇ ಕಣ್ಣು ಕಟ್ಟಿದಂತಾಗುತ್ತದೆ. ಗೈಡ್ ಕೈಯಲ್ಲಿ ಟಾರ್ಚ್. ತಲೆ ತಗ್ಗಿಸಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತೀರಿ. ಗೋಡೆಯ ಮೇಲೆ ಅಲ್ಲಲ್ಲಿ ಹಳೆಯ ಬಣ್ಣ ಉಳಿದಿದೆ. ಫ್ಲ್ಯಾಶ್ ಹೊಡೆದರೆ ಗೋಡೆ ಸುಣ್ಣ ಬಳಿದಂತೆ ಕಾಣುತ್ತದೆ, ಉಬ್ಬು ತಗ್ಗು ಒಂದೂ ಕಾಣುವುದಿಲ್ಲ. ಗೈಡಿಗೆ ಹೇಳಿ ಟಾರ್ಚನ್ನು ಗೋಡೆಗೆ ಪಕ್ಕದಿಂದ ಹಿಡಿಸಿ. ಬಂಡೆಗೆ ಬೆನ್ನು ಕೊಟ್ಟು, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಕ್ಲಿಕ್ ಮಾಡಿ. ಸ್ಟೆಬಿಲೈಸೇಷನ್ ಇದ್ದರೆ ಕಾಲು ಸೆಕೆಂಡ್ ಕೂಡ ಕೈಯಲ್ಲೇ ದಕ್ಕುತ್ತದೆ. ಐದು ತೆಗೆದರೆ ಎರಡಾದರೂ ಚೊಕ್ಕ ಬರುತ್ತವೆ. ಟ್ರೈಪಾಡ್ ಬೇಕಿಲ್ಲ. ಕೋಟೆಯಂಥ ಪುರಾತತ್ವ ಇಲಾಖೆಯ ಜಾಗದಲ್ಲಿ ಅದನ್ನು ಇಡಬೇಕೆಂದರೆ ಅನುಮತಿ ತಗೋಬೇಕು, ಅದು ಬೇರೆ ರಗಳೆ. ಕೋಟೆಯಲ್ಲಿ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಗುಡಿಗಳ ಒಳಗೂ ಹೀಗೇ. ಕಂಬ ಅಲ್ಲಾಡುವುದಿಲ್ಲ. ಇಂಥ ಕಡೆ ಮೇಲಿನ ಐದರಲ್ಲಿ ಯಾವುದಾದರೂ ನಡೆಯುತ್ತದೆ, ಐದರಲ್ಲೂ ಸ್ಟೆಬಿಲೈಸೇಷನ್ ಇದೆ. ನಿಜ ಹೇಳಬೇಕೆಂದರೆ ಗುಹೆಗೆ ಕ್ಯಾಮೆರಾವೇ ಬೇಡ. ಒಳ್ಳೆಯ ಫೋನಿನ ನೈಟ್ ಮೋಡ್ ಸಾಕು. ಅದು ಹತ್ತಾರು ಫೋಟೋ ತೆಗೆದು ಒಂದರ ಮೇಲೊಂದು ಪೇರಿಸುತ್ತದೆ. ನಿಂತ ಕಲ್ಲಿಗೆ ಆ ಉಪಾಯ ಸರಿಹೋಗುತ್ತದೆ.

ಮಂಡಕ್ಕಿ ಭಟ್ಟಿಗೆ ಸರಿಹೋಗುವುದಿಲ್ಲ.

ಬೆಳಗಿನ ಜಾವ ಭಟ್ಟಿಯ ಒಳಗೆ ಹೋಗಿದ್ದೀರಾ? ಹೊಗೆ ಹಿಡಿದ ಗೋಡೆ, ಮೇಲೊಂದು ಬಲ್ಬ್, ಕೆಳಗೆ ಒಲೆಯ ಬಾಯಿ. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಉಪ್ಪು ಹಿಡಿಸಿದ ಅಕ್ಕಿಯನ್ನು ಅದಕ್ಕೆ ಸುರಿದು ಕೈಯಾಡಿಸುತ್ತಾರೆ. ಚಟಪಟ ಅನ್ನುವಷ್ಟರಲ್ಲಿ ಅಕ್ಕಿ ಅರಳಿ ಮೇಲೇಳುತ್ತದೆ. ತಕ್ಷಣ ಎತ್ತಿ ಜರಡಿಗೆ ಹಾಕಬೇಕು, ಇಲ್ಲದಿದ್ದರೆ ಸೀಯುತ್ತದೆ. ಅವರ ಕೈ ನಿಲ್ಲುವುದೇ ಇಲ್ಲ. ಅಲ್ಲಿ ಫೋನ್ ಹಿಡಿದು ನೋಡಿದ್ದೇನೆ. ಮುಖ ಮೇಣದ ಗೊಂಬೆಯಂತೆ ನುಣ್ಣಗಾಗಿತ್ತು, ಹಾರುವ ಮಂಡಕ್ಕಿ ಮಂಜಿನಂತೆ ಕಲಸಿಹೋಗಿತ್ತು. ಜಿಆರ್ 3 ಹಿಡಿದಾಗ ಎಫ್ 2.8, 1/60 ಸೆಕೆಂಡ್, ಐಎಸ್‌ಒ (ಬಂದ ಬೆಳಕನ್ನು ಹಿಗ್ಗಿಸಿ ತೋರಿಸುವ ಮಟ್ಟ) 6400. ಕಾಳುಕಾಳು ಇತ್ತು. ಆದರೆ ಬೆವರು ಬೆವರಾಗಿ ಕಂಡಿತು, ಒಲೆಯ ಕೆಂಪು ಕೆನ್ನೆಯ ಮೇಲೆ ನಿಂತಿತು. 1/60ಕ್ಕಿಂತ ಕೆಳಗೆ ಇಳಿಯುವಂತಿರಲಿಲ್ಲ. ಕ್ಯಾಮೆರಾದಲ್ಲಿ ಎಷ್ಟೇ ಸ್ಟೆಬಿಲೈಸೇಷನ್ ಇದ್ದರೂ ಆ ಕೈ ನಿಲ್ಲುವುದಿಲ್ಲವಲ್ಲ. ಚಲಿಸುವವರನ್ನು ನಿಲ್ಲಿಸುವುದು ಶಟರ್ ಒಂದೇ. ಶಟರ್ ಚುರುಕಾಗಬೇಕಾದರೆ ಬೆಳಕು ಬೇಕು. ಬೆಳಕು ಬೇಕಾದರೆ ಮೇಲೆ ಹೇಳಿದ ಅಂಕ ಬೇಕು.

ಹಾಗಾಗಿ ಗುಹೆ, ಗುಡಿ, ರಾತ್ರಿ ಹೊತ್ತಿನ ನಮ್ಮೂರ ಗಾಜಿನ ಮನೆ ಇವುಗಳೇ ನಿಮ್ಮ ವಿಷಯ ಆದರೆ ಎಕ್ಸ್100ವಿ ಬದಿಗಿಟ್ಟು ಸ್ಟೆಬಿಲೈಸೇಷನ್ ಇರುವುದನ್ನು ನೋಡಿ. ದುಗ್ಗಮ್ಮನ ಜಾತ್ರೆಯ ಜನ, ನಾಟಕ, ಭಟ್ಟಿ ಆದರೆ ಅದೇ ಎಕ್ಸ್100ವಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. ಬೆಣ್ಣೆದೋಸೆ ಕಾವಲಿಯ ಮುಂದೆ ಮಾತ್ರ ಯಾವುದನ್ನೂ ಕೊಳ್ಳಬೇಕಿಲ್ಲ, ಫೋನ್ ಸಾಕು. ದೋಸೆ ಆರಿಹೋಗುತ್ತದೆ.

ಎಲ್ಲಿ ಕೂತಿದ್ದೀರಿ?

ಜಿಆರ್ 3ರ ಅಂಕ 47, ಸೋನಿಯದು 36. ಹಾಗಾದರೆ ಜಿಆರ್ ಮೇಲಲ್ವಾ ಅಂತ ಹುಡುಗ ಕೇಳಿದ. ಭಟ್ಟಿಯಲ್ಲಿ ಹೌದು, ಎರಡು ಮೀಟರ್ ದೂರದಲ್ಲಿ ನಿಂತಿರುತ್ತೇವೆ. ನಾಟಕದಲ್ಲಿ ನಾವು ಕೂತ ಕುರ್ಚಿ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. 28 ಮಿ.ಮೀ. ನೋಟದಲ್ಲಿ ಎಂಟನೇ ಸಾಲಿನಿಂದ ತೆಗೆದರೆ ಸ್ಟೇಜಿನ ಜೊತೆಗೆ ಮುಂದಿನ ಎಲ್ಲರ ತಲೆ, ಪಕ್ಕದ ಫ್ಯಾನು, ಮೇಲಿನ ತಗಡು ಎಲ್ಲ ಬರುತ್ತದೆ. ನಟ ಬೆರಳುಗಾತ್ರ. ಕತ್ತರಿಸಿ 70 ಮಿ.ಮೀ. ನೋಟ ಮಾಡಿದರೆ ಜಿಆರ್ ಅಂಕ 7ಕ್ಕೆ ಬೀಳುತ್ತದೆ. 24 ಮೆಗಾಪಿಕ್ಸೆಲ್ ಹೋಗಿ 4 ಕೂಡ ಉಳಿಯುವುದಿಲ್ಲ. ಸೋನಿ ಅದೇ 70ರಲ್ಲಿ ಎಫ್ 2.8 ಇಟ್ಟುಕೊಂಡು 15 ಗಳಿಸುತ್ತದೆ. 50 ಮಿ.ಮೀ. ನೋಟದಲ್ಲಿ ಇಬ್ಬರೂ ಸಮ.

ಇಲ್ಲಿ ಜಿಆರ್ 3ಎಕ್ಸ್ ಮೂಲೆಯಿಂದ ಎದ್ದು ಬರುತ್ತದೆ. 40 ಮಿ.ಮೀ. ಇರುವುದರಿಂದ 70ಕ್ಕೆ ಕತ್ತರಿಸಿದರೂ ಅಂಕ 15, ಸೋನಿಯಷ್ಟೇ. ಕತ್ತರಿಸದೆ ಇದ್ದರೆ 47. ಐದನೇ ಸಾಲಿನೊಳಗೆ ಟಿಕೆಟ್ ಸಿಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಿಂದೆ ಕೂರುವವರಿಗೆ ಕ್ಯಾನನ್ ಅಥವಾ ಪ್ಯಾನಸಾನಿಕ್.

ನಾಟಕದಲ್ಲಿ ಇನ್ನೂ ಒಂದೆರಡು ಕಿರಿಕಿರಿ ಇವೆ. ಕ್ಯಾಮೆರಾ ಬದಲಾಯಿಸಿದರೂ ಅವು ಹೋಗುವುದಿಲ್ಲ. ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿಟುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/250 ಇಟ್ಟರೆ ಫೋಟೋದಲ್ಲಿ ಪಟ್ಟೆಪಟ್ಟೆ ಬರುತ್ತದೆ, ಇಲ್ಲವೇ ಒಂದು ಫೋಟೋ ಹಳದಿ, ಮುಂದಿನದು ಹಸಿರು. 1/100 ಅಥವಾ 1/50 ಇಡಿ. ಒಂದೋ ಎರಡೋ ಪೂರ್ತಿ ಮಿಟುಕು ಒಳಗೆ ಬಂದು ಸಮ ಆಗುತ್ತದೆ. ಶಬ್ದ ಇಲ್ಲದ ಎಲೆಕ್ಟ್ರಾನಿಕ್ ಶಟರ್ ಇಂಥ ಬೆಳಕಿನಲ್ಲಿ ಪಟ್ಟೆಯನ್ನು ಜಾಸ್ತಿ ಮಾಡುತ್ತದೆ, ಮೆಕ್ಯಾನಿಕಲ್‌ನಲ್ಲೇ ಇರಿ. ಜಿಆರ್, ಎಕ್ಸ್100ಗಳಲ್ಲಿ ಲೆನ್ಸಿನೊಳಗೇ ಎಲೆಯಂಥ ಶಟರ್ ಇದೆ, ಅದರ ಸದ್ದು ಪಕ್ಕದವರಿಗೂ ಕೇಳುವುದಿಲ್ಲ.

ಸ್ಟೇಜಿನ ಹಿನ್ನೆಲೆ ಕಪ್ಪಿದ್ದರೆ ಕ್ಯಾಮೆರಾ ಗಾಬರಿಯಾಗಿ ಬೆಳಕು ಏರಿಸುತ್ತದೆ. ಪೌಡರ್ ಹಚ್ಚಿದ ಮುಖ ಸುಣ್ಣದ ಗೋಡೆ ಆಗುತ್ತದೆ. ಎಕ್ಸ್‌ಪೋಷರ್ ಅನ್ನು ಮೈನಸ್ ಒಂದಕ್ಕೆ ಇಳಿಸಿ. ಕೆಂಪು ಲೈಟಿನಲ್ಲಿ ಇನ್ನೂ ಸ್ವಲ್ಪ ಇಳಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಬಿಟ್ಟ ಮೂಲ ಫೋಟೋ) ಇಟ್ಟುಕೊಂಡರೆ ಮನೆಗೆ ಬಂದು ನೆರಳು ಎತ್ತಬಹುದು, ಕಾಳು ಕಮ್ಮಿ ಮಾಡಬಹುದು. ಸುಟ್ಟುಹೋದ ಬಿಳಿಯನ್ನು ಯಾರೂ ವಾಪಸ್ ತರಲಾರರು.

ಫೋಕಸ್‌ಗೆ ಸಹಾಯ ಮಾಡುವ ಪುಟ್ಟ ದೀಪ ಬಹುತೇಕ ಎಲ್ಲ ಕ್ಯಾಮೆರಾದ ಮುಂದೂ ಇರುತ್ತದೆ. ಮೊದಲ ದಿನವೇ ಮೆನುವಿಗೆ ಹೋಗಿ ಆರಿಸಿ. ಫ್ಲ್ಯಾಶ್ ಆರಿಸಿದೆ ಅಂತ ಧೈರ್ಯವಾಗಿ ಕೂತಿರುತ್ತೀರಿ, ಈ ದೀಪ ನಟಿಯ ಹಣೆಗೆ ಹೋಗಿ ಬೀಳುತ್ತದೆ.

ಅಂಕದಲ್ಲಿ ಕಾಣದ ದೋಷಗಳು

ಜಿಆರ್ 3 ನನ್ನ ಕೈಯಲ್ಲೇ ಇದೆ, ಆದ್ದರಿಂದ ಬೈಯುವ ಹಕ್ಕೂ ಇದೆ. ಕತ್ತಲಲ್ಲಿ ಅದರ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಅಷ್ಟರಲ್ಲಿ ಮಂಡಕ್ಕಿ ಜರಡಿಗೆ ಹೋಗಿರುತ್ತದೆ. ಅದಕ್ಕೊಂದು ದಾರಿಯನ್ನು ರಿಕೋದವರೇ ಇಟ್ಟಿದ್ದಾರೆ, ಸ್ನ್ಯಾಪ್ ಫೋಕಸ್ ಅಂತ. ದೂರವನ್ನು 2 ಮೀಟರ್ ಅಂತ ಮೊದಲೇ ಕಟ್ಟಿಟ್ಟರೆ ಎಫ್ 2.8ರಲ್ಲಿ ಸುಮಾರು ಒಂದೂವರೆ ಮೀಟರಿನಿಂದ 3 ಮೀಟರ್ ತನಕ ಚೊಕ್ಕ ಬರುತ್ತದೆ. ಗುಂಡಿ ಒತ್ತಿದ ತಕ್ಷಣ ಕ್ಲಿಕ್. ಈಗ ನಾನು ಭಟ್ಟಿಯಲ್ಲಿ ಆಟೋಫೋಕಸ್ ಮುಟ್ಟುವುದೇ ಇಲ್ಲ.

ಜಿಆರ್ 3ರ ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ 200 ಫೋಟೋ ಅಂತ ಕಂಪನಿಯ ಲೆಕ್ಕ. ಪೂರ್ತಿ ನಾಟಕಕ್ಕೆ ಒಂದು ಬ್ಯಾಟರಿ ಸಾಲದು. ಕ್ಯಾನನ್ 265, ಸೋನಿ 320. ಯಾವುದೇ ಕೊಳ್ಳಿ, ಎರಡನೇ ಬ್ಯಾಟರಿಯ ದುಡ್ಡನ್ನು ಬೆಲೆಗೆ ಸೇರಿಸಿಯೇ ಹೋಲಿಸಿ.

ಧೂಳಿನದ್ದು ದೊಡ್ಡ ಗೋಳು. ಆನ್ ಮಾಡಿದಾಗ ಲೆನ್ಸ್ ಹೊರಗೆ ಬಂದು ಆಫ್ ಮಾಡಿದಾಗ ಒಳಗೆ ಹೋಗುವ ಕ್ಯಾಮೆರಾಗಳು ಪಂಪಿನ ಹಾಗೆ ಗಾಳಿ ಎಳೆಯುತ್ತವೆ. ಗಾಳಿಯ ಜೊತೆ ಧೂಳು, ಬೂದಿ. ಜಿಆರ್‌ಗೆ ಈ ಕೆಟ್ಟ ಹೆಸರು ಮೊದಲಿನಿಂದಲೂ ಇದೆ. ಸೋನಿ, ಕ್ಯಾನನ್ ಕೂಡ ಇದೇ ಜಾತಿ. ಭಟ್ಟಿಗೆ ಹೋಗಿ ಬಂದ ಎರಡನೇ ತಿಂಗಳಿಗೇ ನನ್ನ ಫೋಟೋಗಳ ಆಕಾಶದಲ್ಲಿ ಒಂದು ಬೂದು ಚುಕ್ಕೆ ಕೂತಿತು. ರಿಪೇರಿಗೆ ಕೊಟ್ಟ ಕಡೆ ಒಂದು ಚುಕ್ಕೆ ತೆಗೆದು ಎರಡು ಹಾಕಿ ಕೊಟ್ಟರು. ಈಗ ಭಟ್ಟಿಯ ಹೊರಗೇ ಆನ್ ಮಾಡಿಕೊಂಡು ಹೋಗುತ್ತೇನೆ, ಹೊರಗೆ ಬಂದ ಮೇಲೆ ಬಟ್ಟೆಯಿಂದ ಒರೆಸಿ ಆಫ್ ಮಾಡುತ್ತೇನೆ. ಎಕ್ಸ್100ವಿ, ವಿಐ ಎರಡರಲ್ಲೂ ಲೆನ್ಸ್ ಹೀಗೆ ಒಳಗೆ ಹೊರಗೆ ಆಡುವುದಿಲ್ಲ. ಮುಂದೆ ಒಂದು ರಿಂಗ್, 49 ಮಿ.ಮೀ. ಫಿಲ್ಟರ್ ಹಾಕಿದರೆ ಧೂಳು, ಹನಿಮಳೆ ತಡೆಯುತ್ತವೆ. ಆ ರಿಂಗ್, ಫಿಲ್ಟರ್ ಎರಡನ್ನೂ ಬೇರೆ ಕೊಳ್ಳಬೇಕು.

ಹಳೆಯದನ್ನು ಕೊಳ್ಳುವವರು ಇದನ್ನೇ ನೋಡಬೇಕು. ಎಫ್ ನಂಬರನ್ನು 11ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೋ ತೆಗೆಯಿರಿ, ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಚುಕ್ಕೆ ಇದ್ದರೆ ಅಲ್ಲೇ ಕಾಣುತ್ತದೆ. ಆಮೇಲೆ ಫೋನಿನ ಟಾರ್ಚನ್ನು ಲೆನ್ಸಿಗೆ ಓರೆಯಾಗಿ ಬಿಟ್ಟು ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಜೂಮನ್ನು ನಾಲ್ಕು ಸಲ ಹಿಂದೆ ಮುಂದೆ ಆಡಿಸಿ ಸದ್ದು ಕೇಳಿ. ಅಂಗಡಿಯ ಹೊರಗಿನ ಬಿಸಿಲಲ್ಲಿ ತೆಗೆದ ಫೋಟೋ ನೋಡಿ ಮರುಳಾಗಬೇಡಿ, ಬಿಸಿಲಲ್ಲಿ ಎಲ್ಲ ಕ್ಯಾಮೆರಾವೂ ಚೆಂದ. ಕೌಂಟರಿನ ಕೆಳಗಿನ ಕತ್ತಲೆಗೆ ಕ್ಯಾಮೆರಾ ಹಿಡಿದು ಐಎಸ್‌ಒ 3200, 6400 ಎರಡರಲ್ಲೂ ತೆಗೆಯಿರಿ. ಅಂಗಡಿಯವರನ್ನು ಕೈಯಾಡಿಸಲು ಹೇಳಿ 1/60ರಲ್ಲಿ ಒಂದು ತೆಗೆಯಿರಿ. ನಕ್ಕರೆ ನಗಲಿ.

ಫೋನನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಈಗಿನ ದುಬಾರಿ ಫೋನುಗಳಲ್ಲಿ 1/1.3 ಇಂಚಿನ ಸೆನ್ಸರ್ ಇರುತ್ತದೆ, ಸುಮಾರು 70 ಚದರ ಮಿ.ಮೀ. ಲೆನ್ಸ್ ಎಫ್ 1.8 ಇದ್ದರೆ ಅಂಕ 22. ಸೋನಿಯ 36ಕ್ಕೆ ಬಹಳ ದೂರ ಏನಿಲ್ಲ. ಅಂಥ ಫೋನ್ ಈಗಾಗಲೇ ಜೇಬಿನಲ್ಲಿದ್ದು, ಜೂಮ್ ಬೇಕಿಲ್ಲದವರು ಒಂದಿಂಚಿನ ಕ್ಯಾಮೆರಾಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಹಾಕುವುದಾದರೆ ಜಿಆರ್ ಅಥವಾ ಅದಕ್ಕಿಂತ ಮೇಲಿನದಕ್ಕೆ ಹಾಕಿ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಹೇಳಿದ: "ಮಾವ, ನನಗೆ ಮುಂದಿನ ಟಿಕೆಟ್ಟಿಗೆ ದುಡ್ಡಿಲ್ಲ. ಹಿಂದೇನೇ ಕೂರ್ತೀನಿ." ಹಾಗಾದರೆ ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ಹುಡುಕು ಅಂದೆ. ಒಂದು ವಾರ ಅಲೆದು ಸೆಕೆಂಡ್ ಹ್ಯಾಂಡ್ ಒಂದನ್ನು ಹಿಡಿದ. ಬಿಳಿ ಗೋಡೆಯ ಫೋಟೋವನ್ನು ಮೊದಲು ನನಗೆ ಕಳಿಸಿ, ಆಮೇಲೆ ದುಡ್ಡು ಕೊಟ್ಟ.

ಮೊನ್ನೆ ರಾತ್ರಿ ಹನ್ನೆರಡರ ಮೇಲೆ ವಾಟ್ಸಾಪ್‌ನಲ್ಲಿ ಎರಡು ಫೋಟೋ ಬಂದವು. ಒಂದು ಗುಹೆಯದು, ಗೋಡೆಯ ಉಳಿಯ ಗುರುತು ಕೂಡ ಎಣಿಸಬಹುದು. ಇನ್ನೊಂದು ಹಾರ್ಮೋನಿಯಂ ಮೇಷ್ಟ್ರದು. ಮುಖ, ಕನ್ನಡಕ, ಹಣೆಯ ವಿಭೂತಿ ಎಲ್ಲ ಚೊಕ್ಕ. ಬೆರಳುಗಳು ಮಾತ್ರ ಹೊಗೆಯಾಗಿವೆ.

"ಮಾವ, ಸ್ಟೆಬಿಲೈಸೇಷನ್ ಆನ್ ಇತ್ತು. ಕೈ ಯಾಕೆ ಹಿಂಗಾಯ್ತು?"

"ಶಟರ್ ಎಷ್ಟಿತ್ತು?"

"1/25."

"1/100ಕ್ಕೆ ಏರಿಸು, ಐಎಸ್‌ಒ ಏರಲಿ ಬಿಡು. ಆದರೆ ಇದನ್ನ ಅಳಿಸಬೇಡ, ಚೆನ್ನಾಗೈತೆ" ಅಂತ ಬರೆದು ಮಲಗಿದೆ.